ಸಹಾಯ ಬೇಕು: ಕಾಕಾನ ಎಡಗಾಲಿನ ಹೆಜ್ಜೆ ಸೆನ್ಸರ್‌ಗೆ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದೇನೆ. ನಮ್ಮ ಕಾಕಾಗೆ ಲಕ್ವಾ ಹೊಡೆದು ಎಂಟು ತಿಂಗಳಾಯಿತು. ಎಡಗಾಲು ಎಳೆದುಕೊಂಡೇ ನಡೆಯುತ್ತಾರೆ. ಫಿಸಿಯೋಥೆರಪಿಯಿಂದ ನಡಿಗೆ ಎಷ್ಟು ಸುಧಾರಿಸಿದೆ ಅಂತ ಅಳೆಯೋಣ ಅಂತ ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡೆ.

ಎರಡೂ ಮೊಣಕಾಲ ಕೆಳಗೆ ಚಲನೆ ಅಳೆಯುವ ಒಂದೊಂದು ಎಂಪಿಯು 6050 ಸೆನ್ಸರ್, ವೆಲ್ಕ್ರೋ ಪಟ್ಟಿ ಹಾಕಿ ಕಟ್ಟಿದ್ದೇನೆ. ಸೆಕೆಂಡಿಗೆ 100 ರೀಡಿಂಗ್. ಕಾಲು ಮುಂದೆ ಬೀಸಿದಾಗ ಗೈರೋ (ಸೆನ್ಸರ್‌ನಲ್ಲಿ ತಿರುಗುವ ವೇಗ ಅಳೆಯುವ ಭಾಗ) ಗ್ರಾಫಿನಲ್ಲಿ ದೊಡ್ಡ ಏರು ಬರುತ್ತದೆ. ಅದಕ್ಕೆ ಮೊದಲಿನ ಇಳಿತ ಅಂದರೆ ಬೆರಳು ನೆಲ ಬಿಟ್ಟಿದ್ದು, ನಂತರದ್ದು ಹಿಮ್ಮಡಿ ತಾಗಿದ್ದು. ನನ್ನ ಕಾಲಿನಲ್ಲಿ ಪಕ್ಕಾ ಬರುತ್ತದೆ. ಕಾಕಾನ ಬಲಗಾಲಲ್ಲೂ ಸರಿ. ಎಡಗಾಲು ಬಂತೋ, ಮುಗೀತು! ಏರು ಗಿಡ್ಡ, ಎರಡನೇ ಇಳಿತ ಕಾಣೋದೇ ಇಲ್ಲ. ಅವರದು ಹಿಮ್ಮಡಿ ಮೊದಲು ಊರೋದಿಲ್ಲ, ಪಾದದ ಮುಂಭಾಗವೇ ತಾಗುತ್ತೆ ಅಲ್ವಾ, ಅದಕ್ಕೇ ಇರಬೇಕು.

ಮೊದಲು ಗೈರೋ ರೇಂಜ್, ಅಂದರೆ ಅದು ಅಳೆಯುವ ಗರಿಷ್ಠ ವೇಗ, ಸೆಕೆಂಡಿಗೆ 250 ಡಿಗ್ರಿ ಇತ್ತು, ನನ್ನ ಏರು ಮೇಲೆ ಕತ್ತರಿಸಿದಂತೆ ಬರುತ್ತಿತ್ತು. 500ಕ್ಕೆ ಏರಿಸಿದೆ, ಅದು ಸರಿಹೋಯಿತು. ಏರು ಎಷ್ಟು ಎತ್ತರ ಇದ್ದರೆ ಹೆಜ್ಜೆ ಅಂತ ಎಣಿಸಬೇಕು ಅನ್ನೋ ಮಿತಿಯನ್ನು ಎಡಗಾಲಿಗಾಗಿ ಇಳಿಸಿ ನೋಡಿದೆ. ಈಗ ಕಾಕಾ ತಿರುಗುವಾಗ ಕಾಲು ಸುಮ್ನೆ ಅಲುಗಿದರೂ ಹೆಜ್ಜೆ ಅಂತ ಎಣಿಸುತ್ತದೆ. ಅಂಗಳದಲ್ಲಿ ಹತ್ತು ಹೆಜ್ಜೆ ಹಾಕಿದರೆ ಪ್ರೋಗ್ರಾಂ ಹದಿನಾಲ್ಕು ಅನ್ನುತ್ತೆ. "ಇನ್ನೆಷ್ಟ್ ಸಲ ಅಡ್ಡಾಡಸ್ತೀಯೋ ತಮ್ಮಾ" ಅಂತ ಕಾಕಾ ಕಟ್ಟೆ ಮೇಲೆ ಕೂತೇಬಿಟ್ಟರು.

ಸೆನ್ಸರ್ ಬಿಚ್ಚಿ ಪಾದದ ಮೇಲೆ ಕಟ್ಟಬೇಕಾ, ಅಥವಾ ಅಲ್ಲೇ ಇಟ್ಟು ಎಡಗಾಲಿಗೆ ಬೇರೆ ಲೆಕ್ಕ ಹಾಕಿದರೆ ಸಾಕಾ? ಲಕ್ವಾ ಆದವರ ನಡಿಗೆ ಅಳೆದು ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.