ನ್ಯೂಜೆರ್ಸಿಲಿ ಕೂತು ವೋಟ್ ಹಾಕಿದ್ರೆ ಏನಾದ್ರೂ ಬದಲಾಗತ್ತಾ? ಮಿಡ್‌ಟರ್ಮ್ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು

ಕಾವೇರಿತೀರ_ಎನ್‌ಜೆ:
ಎಲ್ರಿಗೂ ನಮಸ್ಕಾರ. ಹೋದ ವರ್ಷ ಸಿಟಿಜನ್‌ಶಿಪ್ ಆಯ್ತು, ಓತ್ ಮುಗಿಸಿ ಹೊರಗೆ ಬರ್ತಿದ್ದ ಹಾಗೇ ಒಬ್ಬ ವಾಲಂಟಿಯರ್ ಅಮ್ಮ ವೋಟರ್ ರಿಜಿಸ್ಟ್ರೇಷನ್ ಫಾರ್ಮ್ ಕೈಗಿಟ್ರು, ಅಲ್ಲೇ ನಿಂತ್ಕೊಂಡು ತುಂಬಿ ಕೊಟ್ಟೆ. ಈಗ 2026ರ ನವೆಂಬರ್ 3ಕ್ಕೆ ಮಿಡ್‌ಟರ್ಮ್ (ಪ್ರೆಸಿಡೆಂಟ್ ಅವಧಿ ಮಧ್ಯದಲ್ಲಿ ಬರೋ ಸಂಸತ್ತಿನ ಎಲೆಕ್ಷನ್) ಇದೆ, ಮನೇಲಿ ಇದೇ ಚರ್ಚೆ. ನಮ್ಮ ಯಜಮಾನ್ರು ಹೇಳೋದು ಏನಂದ್ರೆ, 1992ರಿಂದ ಈ ರಾಜ್ಯ ಪ್ರೆಸಿಡೆಂಟ್ ಎಲೆಕ್ಷನ್‌ನಲ್ಲಿ ಡೆಮಾಕ್ರಟ್ಸ್ ಬಿಟ್ಟು ಬೇರೆಯವ್ರಿಗೆ ಹೋಗಿಲ್ಲ, ನೀನು ಹಾಕಿದ್ರೂ ಅಷ್ಟೇ ಬಿಟ್ರೂ ಅಷ್ಟೇ. ನಂಗೆ ಒಪ್ಪೋಕೆ ಆಗ್ತಿಲ್ಲ ಆದ್ರೆ ಎದುರು ಹೇಳೋಕೆ ಗಟ್ಟಿ ಕಾರಣಾನೂ ಸಿಗ್ತಿಲ್ಲ. ಇಷ್ಟು ದೊಡ್ಡ ಡೆಮಾಕ್ರಸಿ ಅಂತಾರೆ, ಪ್ರೆಸಿಡೆಂಟ್ ಎಲೆಕ್ಷನ್‌ನಲ್ಲೇ ಮೂರ್ನೇ ಒಂದು ಭಾಗ ಜನ ಬರಲ್ಲ, ಮಿಡ್‌ಟರ್ಮ್ ಅಂದ್ರೆ ಅರ್ಧಕ್ಕರ್ಧ ಬರಲ್ಲ. ಯಾಕೆ ಹೀಗೆ? ಎಲ್ರೂ ಬಂದು ಹಾಕಿದ್ರೆ ರಿಸಲ್ಟ್ ಬೇರೆ ಆಗ್ತಿತ್ತಾ?

ರಾಮನಗರದವ:
ಪ್ರೆಸಿಡೆಂಟ್ ಮಟ್ಟಕ್ಕೆ ನಿಮ್ಮ ಯಜಮಾನ್ರು ಹೇಳಿದ್ದು ಸರಿನೇ ಇದೆ ಮೇಡಂ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ದೇಶದಲ್ಲಿ ಸುಮಾರು 29 ಲಕ್ಷ ವೋಟ್ ಜಾಸ್ತಿ ಬಿತ್ತು, ಆದ್ರೂ ಸೋತ್ರು, ಯಾಕಂದ್ರೆ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80 ಸಾವಿರಕ್ಕಿಂತ ಕಮ್ಮಿ ಅಂತರದಲ್ಲಿ ಟ್ರಂಪ್ ಕಡೆ ಹೋಯ್ತು. 2000ದಲ್ಲಿ ಫ್ಲೋರಿಡಾದ 537 ವೋಟು ಬುಷ್ ಅವ್ರನ್ನ ವೈಟ್‌ಹೌಸ್‌ಗೆ ಕಳಿಸ್ತು. ಕ್ಯಾಲಿಫೋರ್ನಿಯಾದಲ್ಲಿ ಹತ್ತು ಲಕ್ಷ ಜನ ಜಾಸ್ತಿ ಬಂದು ನಿಂತ್ರೂ ಎಲೆಕ್ಟೊರಲ್ ಕಾಲೇಜ್ ಲೆಕ್ಕದಲ್ಲಿ ಏನೂ ಆಚೀಚೆ ಆಗಲ್ಲ, ಯಾಕಂದ್ರೆ ಬಹುತೇಕ ರಾಜ್ಯಗಳಲ್ಲಿ ಗೆದ್ದವ್ರಿಗೇ ಆ ರಾಜ್ಯದ ಎಲೆಕ್ಟೊರಲ್ ವೋಟೆಲ್ಲ ಹೋಗತ್ತೆ. ಇನ್ನು ಹೌಸ್ (ಸಂಸತ್ತಿನ ಕೆಳಮನೆ) ಸೀಟುಗಳ ಕಥೆ ಇನ್ನೂ ಕೆಟ್ಟದ್ದು. ಪಾರ್ಟಿ ಲಾಭಕ್ಕೆ ಕ್ಷೇತ್ರದ ಗಡಿ ಎಳೆದ್ರೆ ಫೆಡರಲ್ ಕೋರ್ಟು ಕೇಳೋ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಡ್ತು, 2025ರಲ್ಲಿ ಟೆಕ್ಸಸ್ ಸೆನ್ಸಸ್‌ಗೂ ಕಾಯದೆ ಮ್ಯಾಪ್ ಬದಲಾಯಿಸ್ತು, ಅದಕ್ಕೆ ಎದುರಾಗಿ ಕ್ಯಾಲಿಫೋರ್ನಿಯಾ ಪ್ರಾಪೊಸಿಷನ್ 50 ಅಂತ ಜನರ ವೋಟಿಗೆ ಒಂದು ಪ್ರಸ್ತಾವ ತಂದು ತಾನೂ ಬದಲಾಯಿಸ್ತು. ಬಹಳಷ್ಟು ಕಡೆ ಮ್ಯಾಪ್ ಬರೆಯೋ ಕೋಣೇಲೇ ರಿಸಲ್ಟ್ ಆಗೋಗಿರತ್ತೆ. ಜನಕ್ಕೆ ಇದು ಗೊತ್ತು, ಅದಕ್ಕೇ ಬರಲ್ಲ, ಅವ್ರನ್ನ ಸೋಮಾರಿಗಳು ಅನ್ನೋದು ನಂಗೆ ಸರಿ ಕಾಣಲ್ಲ.

ತುಂಗಾ_ಸೆಂಟ್ರಲ್‌ಜೆರ್ಸಿ:
ಸೋಮಾರಿಗಳಲ್ಲ ಅನ್ನೋದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಮಂಗಳವಾರ ಎಲೆಕ್ಷನ್, ಅದೂ 1845ರಲ್ಲಿ ಮಾಡಿದ ಕಾನೂನು, ದೇಶಕ್ಕೆಲ್ಲ ಅನ್ವಯಿಸೋ ರಜೆ ಇಲ್ಲ, ಮನೆ ಬದಲಾಯಿಸಿದಾಗೆಲ್ಲ ಅಡ್ರೆಸ್ ನಾವೇ ನೆನಪಿಟ್ಟು ಸರಿ ಮಾಡ್ಕೋಬೇಕು. ಎಲೆಕ್ಷನ್ ದಿನಾನೇ ಬಂದು ರಿಜಿಸ್ಟರ್ ಮಾಡೋಕೆ ಬಿಡೋ ಮಿನ್ನೆಸೋಟಾದಲ್ಲಿ ಪ್ರತಿ ಸಲ ಜನ ಹೆಚ್ಚು ಬರ್ತಾರೆ. ನಮ್ಮ ನ್ಯೂಜೆರ್ಸಿಲಿ 21 ದಿನ ಮುಂಚೆನೇ ಬಾಗಿಲು ಹಾಕ್ತಾರೆ. ದಾರಿ ಸಲೀಸು ಮಾಡಿದ ಕಡೆ ಜನ ಬರ್ತಾರೆ ಅಷ್ಟೇ.

ಆದ್ರೆ 'ಈ ರಾಜ್ಯ ಫಿಕ್ಸು' ಅನ್ನೋದನ್ನ ನಾನು ಒಪ್ಪಲ್ಲ ಮತ್ತೆ ಇದು ನಂಗೆ ತುಂಬ ಮುಖ್ಯವಾದ ವಿಷಯ ಅದಕ್ಕೆ ಉದ್ದ ಬರೀತೀನಿ. 2020ರಲ್ಲಿ ಬೈಡನ್ ಇಲ್ಲಿ 16 ಪಾಯಿಂಟ್ (ಶೇಕಡಾವಾರು ಅಂತರ) ಮುಂದೆ ಇದ್ದು ಗೆದ್ರು. ಒಂದೇ ವರ್ಷ ಆದ್ಮೇಲೆ ಗವರ್ನರ್ ಎಲೆಕ್ಷನ್, ರಿಜಿಸ್ಟರ್ ಆದವ್ರಲ್ಲಿ ಬಂದಿದ್ದು ಸುಮಾರು 40%, ಡೆಮಾಕ್ರಟ್ ಫಿಲ್ ಮರ್ಫಿ ಬರೀ 3 ಪಾಯಿಂಟ್‌ನಲ್ಲಿ ಏದುಸಿರು ಬಿಟ್ಟು ಗೆದ್ರು. ಅದೇ ದಿನ ಸ್ಟೇಟ್ ಸೆನೆಟ್ ಪ್ರೆಸಿಡೆಂಟ್ ಸ್ಟೀವ್ ಸ್ವೀನಿ, ರಾಜ್ಯದಲ್ಲಿ ಗವರ್ನರ್ ಬಿಟ್ರೆ ಇವ್ರೇ ಅನ್ನೋ ಹಾಗಿದ್ದವ್ರು, ಎಡ್ವರ್ಡ್ ಡರ್ ಅನ್ನೋ ರಿಪಬ್ಲಿಕನ್ ಟ್ರಕ್ ಡ್ರೈವರ್ ಕೈಲಿ ಸೋತ್ರು, ಪ್ರಚಾರಕ್ಕೆ ಆತ ಖರ್ಚು ಮಾಡಿದ್ದೂ ಲೆಕ್ಕಕ್ಕಿಲ್ಲದಷ್ಟು ಕಮ್ಮಿ. 2024ರಲ್ಲಿ ಕಮಲಾ ಹ್ಯಾರಿಸ್ ಲೀಡ್ 6 ಪಾಯಿಂಟ್‌ಗೆ ಇಳೀತು. 2025ರಲ್ಲಿ ಗವರ್ನರ್ ಎಲೆಕ್ಷನ್‌ಗೆ ಜನ ಜಾಸ್ತಿ ಬಂದ್ರು, ಡೆಮಾಕ್ರಟ್ ಮಿಕಿ ಶೆರಿಲ್ 13ಕ್ಕೂ ಹೆಚ್ಚು ಪಾಯಿಂಟ್‌ನಲ್ಲಿ ಗೆದ್ರು. ಇಷ್ಟು ಏರಿಳಿತ ಇರೋ ರಾಜ್ಯ ಫಿಕ್ಸು ಹೇಗಾಗತ್ತೆ ಹೇಳಿ. ಪಕ್ಕದ ನ್ಯೂಯಾರ್ಕ್ ಸಿಟೀಲಿ 2025ರಲ್ಲಿ ಮಮ್ದಾನಿ ಮೇಯರ್ ಆಗಿ ಗೆದ್ದ ಎಲೆಕ್ಷನ್‌ಗೆ 20 ಲಕ್ಷ ದಾಟಿ ವೋಟ್ ಬಿತ್ತು, ಮೇಯರ್ ಎಲೆಕ್ಷನ್‌ಗೆ ಅಷ್ಟು ಬಿದ್ದಿದ್ದು 1969 ಆದ್ಮೇಲೆ ಅದೇ ಮೊದಲು.

ಪ್ರೈಮರಿನೂ, ಅಂದ್ರೆ ಪಾರ್ಟಿಯ ಅಭ್ಯರ್ಥಿನ ಆರಿಸೋ ಎಲೆಕ್ಷನ್ನೂ, ಬಿಡ್ಬೇಡಿ ದಯವಿಟ್ಟು. ಇಲ್ಲಿ 'ಕೌಂಟಿ ಲೈನ್' ಅಂತ ಒಂದಿತ್ತು, ಪಾರ್ಟಿ ಮುಖಂಡರು ಆರಿಸಿದವ್ರನ್ನೆಲ್ಲ ಬ್ಯಾಲಟ್‌ನಲ್ಲಿ ಒಂದೇ ಸಾಲಲ್ಲಿ ಚೆಂದಕ್ಕೆ ಜೋಡಿಸಿ, ಉಳಿದವ್ರನ್ನ ಮೂಲೆಗೆ ತಳ್ಳೋದು. ಆಗ ಸೆನೆಟ್‌ಗೆ ನಿಂತಿದ್ದ ಆಂಡಿ ಕಿಮ್ ಕೋರ್ಟಿಗೆ ಹೋಗಿ 2024ರಲ್ಲಿ ಅದಕ್ಕೆ ತಡೆ ತಂದ್ರು, ಆಮೇಲೆ ಸೆನೆಟರ್ ಆದ್ರು. ಅಂದ್ರೆ ಈಗ ಪ್ರೈಮರಿಲಿ ಹಾಕೋ ವೋಟಿಗೆ ಮುಂಚೆಗಿಂತ ಬೆಲೆ ಜಾಸ್ತಿ.

ಘಟಪ್ರಭಾ_ಡೆಟ್ರಾಯಿಟ್:
ಪ್ರೈಮರಿ ಮಾತು ಬಂತಲ್ರಿ, ನಮ್ಮ ಕಡೆದ ಒಂದು ಉದಾಹರಣೆ ಹೇಳ್ತೀನಿ. ಶ್ರೀ ಥಾಣೇದಾರ್ ಗೊತ್ತದಾರಲ್ಲ, ಚಿಕ್ಕೋಡಿಯೊಳಗ ಹುಟ್ಟಿ ಬೆಳಗಾವಿಯೊಳಗ ಬೆಳದವ್ರು, ಈಗ ಇಲ್ಲಿ ಮಿಷಿಗನ್ 13ನೇ ಕ್ಷೇತ್ರದ ಕಾಂಗ್ರೆಸ್‌ಮನ್. 2022ರ ಡೆಮಾಕ್ರಟಿಕ್ ಪ್ರೈಮರಿಗೆ ಮಂದಿ ಭಾಳ ನಿಂತಿದ್ರು, ವೋಟ್ ಹರಿದು ಹಂಚಿ ಹೋತು, ಇವ್ರು ಬರೀ 28% ತಗೊಂಡು ಗೆದ್ರು. ಡೆಟ್ರಾಯಿಟ್ ಕಡೆ ಡೆಮಾಕ್ರಟಿಕ್ ಪ್ರೈಮರಿ ಗೆದ್ರ ನವೆಂಬರ್ ಗೆದ್ದಂಗನ. ಆಗಸ್ಟ್ ತಿಂಗಳದಾಗ ಬಿಸಿಲೊಳಗ ಬಂದು ವೋಟ್ ಹಾಕಿದ ಸ್ವಲ್ಪ ಮಂದಿ, ಅದ್ರಾಗೂ ಕಾಲು ಭಾಗದಕಿಂತ ಸ್ವಲ್ಪ ಹೆಚ್ಚು ಮಂದಿ ಸೇರಿ ಒಬ್ಬ ಎಂಪಿನ ಆರಿಸ್ಯಾರ. ಇದು ಅವ್ರ ಮ್ಯಾಲಿನ ದೂರಲ್ರಿ, ನಿಯಮನ ಹಂಗೈತಿ. ನಮ್ಮ ವೋಟಿಗೆ ಕಿಮ್ಮತ್ತಿಲ್ಲ ಅಂತ ಮನಿಯಾಗ ಕುಂತ್ರ ಬಂದವ್ರ ವೋಟಿನ ಕಿಮ್ಮತ್ತು ಇಷ್ಟು ಏರತೈತಿ.

ಇನ್ನ ಎಲ್ಲಾರೂ ಬಂದ್ರ ಡೆಮಾಕ್ರಟ್ಸ್ ಗೆಲ್ತಾರ ಅನ್ನೋ ನಂಬಿಕಿ ಬಿಡ್ರಿ. 2024ರಾಗ ವೋಟ್ ಹಾಕದ ಮಂದಿನ ಸರ್ವೆ ಮಾಡೋ ಸಂಸ್ಥೆ ಪ್ಯೂ ರಿಸರ್ಚ್‌ನವ್ರು ಕೇಳಿದಾಗ ಟ್ರಂಪ್ ಪರ 44%, ಹ್ಯಾರಿಸ್ ಪರ 40% ಬಂತು. ನನ್ನ ಪಾರ್ಟಿಗೆ ಲಾಭ ಅದ ಅಂತ ಟರ್ನ್‌ಔಟ್ ಬೇಕು ಅನ್ನೋದು ತಪ್ಪು, ಯಾರಿಗೆ ಲಾಭ ಆದ್ರೂ ಮಂದಿ ಬರಬೇಕು.

ಕ್ಯೂನಲ್ಲಿರೋನು:
ಹದಿನೈದು ವರ್ಷದ ಹತ್ತಿರ ಆಯ್ತು ಬಂದು, ಇನ್ನೂ ಎಚ್-1ಬಿ ಕೆಲಸದ ವೀಸಾದಲ್ಲೇ ಇದ್ದೀನಿ, ಉದ್ಯೋಗದ ಮೇಲೆ ಸಿಗೋ ಗ್ರೀನ್‌ಕಾರ್ಡ್‌ನ ಇಬಿ-2 ಕ್ಯೂ ಅಲ್ಲಾಡ್ತಿಲ್ಲ. ಟ್ಯಾಕ್ಸ್ ಕಟ್ತೀನಿ, ಮಕ್ಕಳು ಇಲ್ಲೇ ಹುಟ್ಟಿದ್ದು, ಸ್ಕೂಲ್ ಬೋರ್ಡ್ ಮೀಟಿಂಗಿಗೆ ಹೋಗಿ ಬಸ್ ರೂಟ್ ಬಗ್ಗೆ ಮೈಕ್ ಹಿಡ್ಕೊಂಡು ಮಾತಾಡಿದ್ದೀನಿ, ಆದ್ರೆ ಆ ಬೋರ್ಡಿಗೆ ಯಾರು ಕೂರ್ಬೇಕು ಅಂತ ಹೇಳೋ ಹಕ್ಕಿಲ್ಲ. ಹಕ್ಕು ಇದ್ದೂ ಹಾಕೋದು ಬೇಡ ಅನ್ನೋ ಮಾತು ಕೇಳಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ ಮೇಡಂ. ಇಲ್ಲಿ ಪ್ರಾಪರ್ಟಿ ಟ್ಯಾಕ್ಸ್ ದೇಶದಲ್ಲೇ ಅತಿ ಜಾಸ್ತಿ, ಅದ್ರಲ್ಲಿ ಸುಮಾರು ಅರ್ಧ ಸ್ಕೂಲಿಗೇ ಹೋಗೋದು, ಅದನ್ನ ನಿರ್ಧಾರ ಮಾಡೋರ ಹೆಸರು ನಿಮ್ಮ ಬ್ಯಾಲಟ್‌ನ ಕೆಳಗಡೆ ಇರತ್ತೆ, ಅಲ್ಲಿ ತನಕ ಹೋಗಿ ತುಂಬಿ.

ನನ್ನ ಥರ ವೀಸಾ, ಗ್ರೀನ್‌ಕಾರ್ಡ್‌ನಲ್ಲಿ ಇರೋರಿಗೆ ಒಂದು ಎಚ್ಚರಿಕೆ, ಡ್ರೈವಿಂಗ್ ಲೈಸೆನ್ಸ್ ಮಾಡ್ಸೋವಾಗ ವೋಟರ್ ರಿಜಿಸ್ಟ್ರೇಷನ್ ಪ್ರಶ್ನೆ ಬರತ್ತೆ, ಕಣ್ಣು ಮುಚ್ಕೊಂಡು ಎಸ್ ಒತ್ಬೇಡಿ. ಸಿಟಿಜನ್ ಅಂತ ತಪ್ಪಾಗಿ ಹೇಳ್ಕೊಂಡ ದಾಖಲೆ ಇದ್ರೆ ಇಮಿಗ್ರೇಷನ್‌ನಲ್ಲಿ ಅದರಿಂದ ಹೊರಗೆ ಬರೋದು ಬಹಳ ಕಷ್ಟ.

ಕಾವೇರಿತೀರ_ಎನ್‌ಜೆ:
ಎಲ್ರಿಗೂ ಥ್ಯಾಂಕ್ಸ್, ಯಜಮಾನ್ರಿಗೆ ಕೂರಿಸ್ಕೊಂಡು ಓದಿಸ್ದೆ. ಟ್ರಕ್ ಡ್ರೈವರ್ ವಿಷಯ ಅವ್ರಿಗೆ ಗೊತ್ತೇ ಇರ್ಲಿಲ್ಲ, ಆದ್ರೂ ಪ್ರೆಸಿಡೆಂಟ್ ವಿಷಯದಲ್ಲಿ ರಾಮನಗರದವ್ರು ಹೇಳಿದ್ದೇ ಸರಿ ಅಂತ ಕೂತಿದ್ದಾರೆ. ಇನ್ನೊಂದು ಪ್ರಶ್ನೆ, 2025ರಲ್ಲಿ ಹೌಸ್‌ನಲ್ಲಿ ಪಾಸಾದ ಸೇವ್ ಆಕ್ಟ್ ಥರದ್ದು ಬಂದ್ರೆ ಸಿಟಿಜನ್ ಅನ್ನೋ ದಾಖಲೆ ತೋರಿಸ್ಬೇಕಂತೆ. ಊರಿನ ಬರ್ತ್ ಸರ್ಟಿಫಿಕೇಟ್‌ನಲ್ಲಿ ನಂದು ಬರೀ ಹೆಸರು, ಇನಿಷಿಯಲ್ಲೂ ಇಲ್ಲ, ಇಲ್ಲಿ ಅಪ್ಪನ ಹೆಸರು ಲಾಸ್ಟ್‌ನೇಮ್ ಆಗಿದೆ. ತೊಂದ್ರೆ ಆಗತ್ತಾ? ಪೋಸ್ಟಲ್ ಬ್ಯಾಲಟ್ ತಗೊಳೋಣ ಅಂತಿದ್ದೀನಿ.

ತುಂಗಾ_ಸೆಂಟ್ರಲ್‌ಜೆರ್ಸಿ:
ನಿಮಗೆ ಊರಿನ ಬರ್ತ್ ಸರ್ಟಿಫಿಕೇಟ್ ಬೇಕಾಗಲ್ಲ, ಯುಎಸ್ ಪಾಸ್‌ಪೋರ್ಟ್ ಮಾಡ್ಸಿಡಿ, ಅದೇ ಸಿಟಿಜನ್‌ಶಿಪ್ ದಾಖಲೆ. ಇಂಥ ಕಾನೂನಿಂದ ನಿಜವಾದ ಕಷ್ಟ ಪಾಸ್‌ಪೋರ್ಟ್ ಇಲ್ಲದೆ ಮದುವೆ ಆದ್ಮೇಲೆ ಹೆಸರು ಬದಲಾಯಿಸ್ಕೊಂಡ ಇಲ್ಲಿನ ಹೆಂಗಸರಿಗೆ, ಅವ್ರ ಬರ್ತ್ ಸರ್ಟಿಫಿಕೇಟ್‌ನಲ್ಲಿ ಒಂದು ಹೆಸರು, ಲೈಸೆನ್ಸ್‌ನಲ್ಲಿ ಇನ್ನೊಂದು.

ಪೋಸ್ಟಲ್ ಬ್ಯಾಲಟ್‌ಗೆ ಇಲ್ಲಿ ಕಾರಣ ಕೇಳಲ್ಲ, ಯಾರು ಬೇಕಾದ್ರೂ ತಗೋಬಹುದು. ಕವರ್ ಮೇಲಿನ ಸೈನ್ ಮಾತ್ರ ಜೋಪಾನ, ಅದನ್ನ ಫೈಲ್‌ನಲ್ಲಿರೋ ನಿಮ್ಮ ಸೈನ್ ಜೊತೆ ಇಟ್ಟು ನೋಡ್ತಾರೆ. ಅವತ್ತು ಫಾರ್ಮ್‌ನಲ್ಲಿ ಕನ್ನಡದಲ್ಲಿ ಸೈನ್ ಮಾಡಿದ್ರೆ ಕವರ್ ಮೇಲೂ ಕನ್ನಡದಲ್ಲೇ ಮಾಡಿ. ಹೊಂದ್ಲಿಲ್ಲ ಅಂದ್ರೆ ಕೌಂಟಿಯಿಂದ ಪತ್ರ ಬರತ್ತೆ, ಸರಿ ಮಾಡೋಕೆ ಟೈಮ್ ಕೊಡ್ತಾರೆ, ಆ ಪತ್ರನ ಜಂಕ್ ಮೇಲ್ ಅಂತ ಎಸೀಬೇಡಿ. ಯಜಮಾನ್ರದ್ದೂ ಸಿಟಿಜನ್‌ಶಿಪ್ ಆಗಿದ್ರೆ ಅವ್ರ ಹೆಸರು ಈಗಿನ ಅಡ್ರೆಸ್‌ನಲ್ಲೇ ಇದೆಯಾ ಅಂತ ಇವತ್ತೇ ರಾಜ್ಯದ ವೆಬ್‌ಸೈಟಲ್ಲಿ ನೋಡ್ಬಿಡಿ.