ಉಪವಾಸಕ್ಕೆ ಕೊರಿಯಾ ನೂಡಲ್ಸ್: ‘ದೊಡ್ಡಮನೆ ಬಳಗ’ ಗುಂಪಿನಲ್ಲಿ ಭಾನುವಾರದ ಜಗಳ

ದೆಹಲಿ ಅತ್ತೆ: (ಫಾರ್ವರ್ಡ್ ಆದ ವಿಡಿಯೊ) “ಕೊರಿಯಾದ ಖಾರದ ತಣ್ಣನೆ ನೂಡಲ್ಸ್! ಗೋಧಿ ಇಲ್ಲ, ಮೈದಾ ಇಲ್ಲ, ಪೂರ್ತಿ ಕುಟ್ಟು (ಬಕ್‌ವೀಟ್) ಹಿಟ್ಟು. ಶುಗರ್ ಇರುವವರಿಗೆ ಅಮೃತ. ಹತ್ತು ಜನರಿಗೆ ಕಳಿಸಿ.”

ದೆಹಲಿ ಅತ್ತೆ: ಇಲ್ಲಿ ನವರಾತ್ರಿ ಉಪವಾಸಕ್ಕೆ ಎಲ್ಲರ ಮನೆಯಲ್ಲೂ ಕುಟ್ಟು ಹಿಟ್ಟಿನ ಪೂರಿ. ಈ ಸಲ ನಾನು ಇದನ್ನೇ ಮಾಡುತ್ತೇನೆ. ಸುವಾನ್ ಪುಟ್ಟಿ, ಕೊರಿಯಾದಿಂದ ಬರುವಾಗ ನಾಲ್ಕು ಪೊಟ್ಟಣ ತಾ.

ಮೈಸೂರು ಮಾವ: ನನಗೂ ಎರಡು. ಡಾಕ್ಟರು ಮೈದಾ ಬಿಡಿ ಅಂದಿದ್ದಾರೆ.

ಸುವಾನ್ ಪುಟ್ಟಿ: ಅಯ್ಯೋ, ಸ್ವಲ್ಪ ತಡೀರಿ. ನಿನ್ನೆ ರಾತ್ರಿ ನಾನು ತಿಂದದ್ದೇ ಅದು. ಪೊಟ್ಟಣ ಇನ್ನೂ ಕಟ್ಟೆ ಮೇಲೆ ಇದೆ. ಹಿಂದೆ ಸಣ್ಣ ಅಕ್ಷರದಲ್ಲಿ ಮೊದಲ ಹೆಸರೇ ಗೋಧಿ ಹಿಟ್ಟು. ಎರಡನೆಯದು ಪಿಷ್ಟ. ಕುಟ್ಟು ಅದಾದ ಮೇಲೆ. ಮುಂದುಗಡೆ ಮಾತ್ರ ಕುಟ್ಟಿನ ಬಿಳಿ ಹೂವು ಇಷ್ಟು ದೊಡ್ಡದು!

ದೆಹಲಿ ಅತ್ತೆ: ವಿಡಿಯೊದಲ್ಲಿ ಕೊರಿಯಾದವಳೇ ಹೇಳುತ್ತಿದ್ದಾಳಲ್ಲ?

ಬೆಂಗಳೂರು ತಮ್ಮ: ಅವಳು ಕೊರಿಯನ್ ಭಾಷೆಯಲ್ಲಿ ಏನೋ ಹೇಳುತ್ತಿದ್ದಾಳೆ. ಅಮೃತ ಅಂತ ಬರೆದವನು ಇಲ್ಲಿಯವನು 😄

ಸುವಾನ್ ಪುಟ್ಟಿ: ಅತ್ತೆ, ನೀವು ಪೂರಿಗೆ ಬೇಯಿಸಿದ ಆಲೂಗಡ್ಡೆ ಸೇರಿಸುತ್ತೀರಿ ಅಲ್ವಾ? ಇಲ್ಲದಿದ್ದರೆ ಲಟ್ಟಿಸುವಾಗ ಒಡೆಯುತ್ತದೆ. ಇಲ್ಲೂ ಅದೇ ಕಥೆ. ಕುಟ್ಟು ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೇ ಗೋಧಿಯನ್ನೋ ಪಿಷ್ಟವನ್ನೋ ಬೆರೆಸುತ್ತಾರೆ. ಬರೀ ಕುಟ್ಟಿನ ನೂಡಲ್ಸ್ ಬೇಕಾದರೆ ಇಲ್ಲಿಯ ಗಾಂಗ್ವನ್ ಪ್ರಾಂತ್ಯದ ಕಡೆ, ಚುಂಚನ್ ಊರಿನ ಮಕ್‌ಗುಕ್ಸು (ಕುಟ್ಟು ನೂಡಲ್ಸ್) ಅಂಗಡಿಗಳಲ್ಲಿ ಹುಡುಕಬೇಕು. ಅಲ್ಲಿ ಆಗಿಂದಾಗಲೇ ಕಲಸಿ, ನಮ್ಮ ಶಾವಿಗೆ ಒರಳಿನಂಥದ್ದರಲ್ಲಿ ಒತ್ತಿ, ನೇರ ಕುದಿಯುವ ನೀರಿಗೇ ಬಿಡುತ್ತಾರೆ.

ಬೆಂಗಳೂರು ತಮ್ಮ: 2018ರಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಉನ್ ದಕ್ಷಿಣದವರ ಜತೆ ಮಾತುಕತೆಗೆ ಬಂದಾಗ ಗಡಿಗೆ ತಂದಿದ್ದು ಇದನ್ನೇ ಅಲ್ವಾ?

ಸುವಾನ್ ಪುಟ್ಟಿ: ಅಲ್ಲ, ಅದು ಅವರ ರಾಜಧಾನಿ ಪ್ಯೋಂಗ್ಯಾಂಗ್‌ನ ನೂಡಲ್ಸ್. ತಣ್ಣನೆ ಸಾರಿನಲ್ಲಿ ಇರುತ್ತದೆ, ಖಾರ ಇಲ್ಲ. ಸಾರಿಲ್ಲದೆ ಕೆಂಪಗೆ ಕಲಸುವುದು ಉತ್ತರದ್ದೇ ಇನ್ನೊಂದು ಊರು ಹಾಮ್‌ಹಂಗ್ ಕಡೆಯ ರೀತಿ. 1950–53ರ ಯುದ್ಧದಲ್ಲಿ ಓಡಿ ಬಂದವರು ದಕ್ಷಿಣಕ್ಕೆ ತಂದರು.

ಧಾರವಾಡ ಚಿಕ್ಕಪ್ಪ: ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದವರು ನಾವು. ಕೊರಿಯಾ ಖಾರ ಯಾವ ಲೆಕ್ಕ?

ಸುವಾನ್ ಪುಟ್ಟಿ: ಚಿಕ್ಕಪ್ಪ, ಬ್ಯಾಡಗಿಯ ಹೆಸರು ಇರುವುದು ಬಣ್ಣಕ್ಕೆ. ಖಾರಕ್ಕೆ ಗುಂಟೂರಿನವರು ಮಾತಾಡಲಿ 😜 ಇದು ಮೋಸದ ಖಾರ. ಬೇಯಿಸಿದ ಮೇಲೆ ನಲ್ಲಿ ಕೆಳಗೆ ಹಿಡಿದು, ಬಟ್ಟೆ ಹಿಂಡಿದ ಹಾಗೆ ಉಜ್ಜಿ ಉಜ್ಜಿ ತೊಳೆಯಬೇಕು. ಅಂಟು ಹೋಗಿ ಎಳೆ ಗಟ್ಟಿಯಾಗುತ್ತದೆ. ಆಮೇಲೆ ಐಸ್ ನೀರು, ಚೆನ್ನಾಗಿ ಬಸಿಯುವುದು, ಸಾಸ್, ಉದ್ದಕ್ಕೆ ಸೀಳಿದ ಸೌತೆಕಾಯಿ. ಮೊದಲ ತುತ್ತು ಬರೀ ಸಿಹಿ-ಹುಳಿ. ತಣ್ಣಗಿರುವುದರಿಂದ ಉರಿ ಗೊತ್ತೇ ಆಗುವುದಿಲ್ಲ. ನಾಲ್ಕನೇ ತುತ್ತಿಗೆ ನಾಲಿಗೆಯ ಹಿಂದಿನಿಂದ ಶುರುವಾಗಿ ಕಿವಿವರೆಗೂ ಬರುತ್ತದೆ. ನೀರು ಕುಡಿದರೆ ಪ್ರಯೋಜನ ಇಲ್ಲ, ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ. ಹಾಲು ಕುಡಿದೆ.

ಧಾರವಾಡ ಚಿಕ್ಕಪ್ಪ: ಮಜ್ಜಿಗೆ ಇದ್ದರೆ ನಾನು ರೆಡಿ.

ಮೈಸೂರು ಮಾವ: ಎಲ್ಲಾ ಸರಿ. ಶುಗರ್‌ಗೆ ಒಳ್ಳೆಯದೋ ಅಲ್ಲವೋ, ಅದು ಹೇಳು.

ಸುವಾನ್ ಪುಟ್ಟಿ: ಮಾವ, ಸಾಸ್‌ನಲ್ಲೇ ಸಕ್ಕರೆ ಇದೆ! ಸೋಡಿಯಂ ಬೇರೆ 1,000 ಮಿಲಿಗ್ರಾಂ ದಾಟಿದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 2,000ಕ್ಕಿಂತ ಕಡಿಮೆ ಇರಲಿ ಅನ್ನುತ್ತದೆ. ಇದರಲ್ಲಿ ಔಷಧಿ ಹುಡುಕಬೇಡಿ. ಸೆಕೆಗೆ ಅನ್ನ ಸೇರದ ದಿನ ರುಚಿಗೆ ತಿನ್ನುವ ವಸ್ತು ಇದು.

ಮೈಸೂರು ಮಾವ: ಸಾಸ್ ಬಿಟ್ಟು ತಿಂದರೆ?

ಬೆಂಗಳೂರು ತಮ್ಮ: ಆಗ ಶಾವಿಗೆ ತಿನ್ನಿ ಮಾವ, ಮನೆಯಲ್ಲೇ ಇದೆ.

ದೆಹಲಿ ಅತ್ತೆ: ನೀವೆಲ್ಲ ಒಂದು ವಿಡಿಯೊ ಹಾಕಿದರೆ ಕೋರ್ಟು ನಡೆಸುತ್ತೀರಿ. ಗೋಧಿ ಸ್ವಲ್ಪ ಇದ್ದರೆ ದೇವರು ಕೋಪಿಸಿಕೊಳ್ಳುವುದಿಲ್ಲ.

ಸುವಾನ್ ಪುಟ್ಟಿ: ಸಾಸ್‌ನಲ್ಲಿ ಬೆಳ್ಳುಳ್ಳಿ ಇದೆ ಅತ್ತೆ.

ದೆಹಲಿ ಅತ್ತೆ: 😶

ಸುವಾನ್ ಪುಟ್ಟಿ: ಇನ್ನೂ ಒಂದಿದೆ. ಇಲ್ಲಿ ಅಲರ್ಜಿ ತರುವ ಪದಾರ್ಥಗಳನ್ನು ಪೊಟ್ಟಣದ ಮೇಲೆ ಬೇರೆಯಾಗಿ ಬರೆಯಲೇಬೇಕು ಅಂತ ಕಾನೂನು. ಗೋಧಿ, ಕುಟ್ಟು, ಸೋಯಾ, ದನದ ಮಾಂಸ, ಎಲ್ಲ ಆ ಲೆಕ್ಕದಲ್ಲಿ ಬರುತ್ತವೆ. ನಾನು ಕೊಂಡದ್ದರಲ್ಲಿ ‘ಸ್ವೆಗೋಗಿ’ ಇರಲಿಲ್ಲ, ನೋಡಿಯೇ ಕೊಂಡೆ. ಅದೇ ಸಾಲಿನಲ್ಲಿದ್ದ ಇನ್ನೊಂದರಲ್ಲಿ ಇತ್ತು. ಅಂದರೆ ದನದ ಮಾಂಸ. ಚಿತ್ರ ನೋಡಿದರೆ ಎರಡೂ ಒಂದೇ ಥರ.

ಧಾರವಾಡ ಚಿಕ್ಕಪ್ಪ: ರಾಮ ರಾಮ.

ಮಂಗಳೂರು ಅಕ್ಕ: ಕುಟ್ಟಿಗೂ ಅಲರ್ಜಿ ಆಗುತ್ತದಾ? ನಮ್ಮವನಿಗೆ ಕಡಲೆಕಾಯಿ ಆಗುವುದಿಲ್ಲ.

ಸುವಾನ್ ಪುಟ್ಟಿ: ಆಗುತ್ತದೆ ಅಕ್ಕ, ಕೆಲವರಿಗೆ ಜೋರಾಗಿಯೇ. ಅವನಿಗೆ ಕೊಡುವ ಮುಂಚೆ ಡಾಕ್ಟರನ್ನು ಕೇಳು. ಅತ್ತೆ, ಉಪವಾಸಕ್ಕೆ ನಿಮ್ಮ ಪೂರಿಯೇ ಸರಿ. ಹಿಟ್ಟು ಮಾತ್ರ ಹೊಸದು ತನ್ನಿ.

ದೆಹಲಿ ಅತ್ತೆ: ಅದು ನನಗೆ ಗೊತ್ತು. ನವರಾತ್ರಿ ಮುಗಿದ ಮೇಲೆ ತಿನ್ನುತ್ತೇನೆ, ತಾ.

ಮೈಸೂರು ಮಾವ: ನನ್ನ ಎರಡೂ ಇರಲಿ. ಔಷಧಿಗಲ್ಲ, ರುಚಿಗೆ.

ಮೈಸೂರು ಅತ್ತೆ: ಪುಟ್ಟಿ, ಇವರ ಮಾತು ಕೇಳಬೇಡ. ಒಂದೂ ಬೇಡ.