ಚೀನಾದ ಹುಡುಗ ಹುಡುಗೀರನ್ನ ಮನೇಲಿ ಬೆಳೆಸೋ ರೀತಿ ನಿಜವಾಗ್ಲೂ ಬದಲಾಗಿದೆ ಅನ್ಸುತ್ತಾ?

ಪ್ರಶ್ನೆ (ಹೊಂಗೆನೆರಳು): ನಮ್ಮ ಟೀಮಲ್ಲಿ ಚೆಂಗ್ಡು ಕಡೆ ಹುಡುಗಿ ಒಬ್ಳಿದಾಳೆ, 1998ರಲ್ಲಿ ಹುಟ್ಟಿದೋಳು, ಒಬ್ಳೇ ಮಗಳು. ಅವಳಿಗೆ 95 ಬಂದ್ರೆ ಇನ್ನೈದು ಎಲ್ಲೋಯ್ತು ಅಂತಿದ್ದ ಅಮ್ಮ ಈಗ ತಮ್ಮ ತಂಗಿಯ ಮೊಮ್ಮಗೂಗೆ 70 ಬಂದ್ರೂ ಮುದ್ದಾಡ್ತಾರಂತೆ. ಇದನ್ನ ಹೇಳ್ವಾಗ ಅವಳ ಕಣ್ಣಲ್ಲಿ ನೀರು ಬಂತು, ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಅಲ್ಲಿದ್ದು ಬಂದೋರು ಯಾರಾದ್ರೂ ಇದ್ರೆ ಹೇಳಿ.

ಸಂಜೆಮಲ್ಲಿಗೆ: ಸುಝೌನಲ್ಲಿ ಆರು ವರ್ಷ ಇದ್ದೆ, ಈ ಕಥೆ ಎಷ್ಟೋ ಜನರ ಬಾಯಲ್ಲಿ ಕೇಳಿದೀನಿ. ಒಂದೇ ಮಗು ರೂಲ್ 2015ರ ಕೊನೇವರೆಗೂ ಇತ್ತಲ್ಲ, ಅಪ್ಪ ಅಮ್ಮ ಎರಡೂ ಕಡೆ ಅಜ್ಜ ಅಜ್ಜಿ ಸೇರಿ ಆರು ಜನರ ಆಸೆ ಎಲ್ಲಾ ಒಂದು ಮಗು ತಲೆ ಮೇಲೆ. "ಬೇರೆಯವರ ಮನೆ ಮಗು ನೋಡು" ಅನ್ನೋ ಮಾತು ಅಲ್ಲಿ ಎಲ್ಲರಿಗೂ ಗೊತ್ತು, ಆಮೇಲೆ "ನಿನ್ನ ಒಳ್ಳೇದಕ್ಕೇ", ಅದನ್ನ ಕೇಳಿದ್ರೇ ಮೈ ಉರಿಯುತ್ತೆ ಅಂತಿದ್ರು ನನ್ನ ಫ್ರೆಂಡ್ಸು. ಆದ್ರೆ ಬೈದು ಅರ್ಧ ಗಂಟೆ ಆದ್ಮೇಲೆ ಅಮ್ಮ ಹಣ್ಣು ಹೆಚ್ಚಿ ತಟ್ಟೇಲಿ ತಂದು ಟೇಬಲ್ ಮೇಲಿಟ್ಟು ಹೋಗ್ತಾಳೆ, ಸಾರಿ ಅನ್ನಲ್ಲ, ಅದೇ ಸಾರಿ. ಚಿಕ್ಕೋರಿದ್ದಾಗ ಅರ್ಥ ಆಗ್ಲಿಲ್ಲ ಈಗ ಆಗುತ್ತೆ, ಆದ್ರೂ ಬಾಯ್ಬಿಟ್ಟು ಒಂದ್ಸಲ ಹೇಳ್ಬಹುದಿತ್ತು ಅಂತಾರೆ.

ಗಾಳಿಪಟ_7: ಇದೆಲ್ಲಾ ಸಿಟಿ ಕಥೆ ಕಣ್ರಿ. ನಾನು ಶೆಂಜೆನ್‌ನಲ್ಲಿ ಕೆಲಸ ಮಾಡ್ವಾಗ ಜೊತೇಲಿದ್ದ ಹೆನಾನ್ ಹುಡುಗನ್ನ ಬೆಳೆಸಿದ್ದು ಅಜ್ಜಿ, ಅಪ್ಪ ಅಮ್ಮ ಫ್ಯಾಕ್ಟರಿಲಿ. ಹುಕೋ ಅಂದ್ರೆ ಊರಿನ ನೋಂದಣಿ ಹಳ್ಳೀದಾದ್ರೆ ಸಿಟಿಲಿ ಸರ್ಕಾರಿ ಸ್ಕೂಲ್ ಸೀಟ್ ಸಿಗೋದು ಕಷ್ಟ, ಅದಕ್ಕೇ ಮಗೂನ ಊರಲ್ಲೇ ಬಿಡ್ತಾರೆ. ಹೊಸ ವರ್ಷದ ಹಬ್ಬಕ್ಕೆ ವರ್ಷಕ್ಕೊಂದ್ಸಲ ಅಪ್ಪ ಬಂದಾಗ ಇವ್ನು ಬಾಗಿಲ ಹಿಂದೆ ಬಚ್ಚಿಟ್ಕೊಳ್ತಿದ್ನಂತೆ. ಸ್ಟ್ರಿಕ್ಟಾ ಫ್ರೀಯಾ ಅಂತ ಕೇಳಿದ್ರೆ, ಬೈಯೋಕಾದ್ರೂ ಜೊತೇಲಿ ಇರ್ಬೇಕಿತ್ತಲ್ಲ ಅಂದ.

ತುಂಗೆಯಾಚೆ: ಬದಲಾವಣೆ ಇದೆ, ಪೂರ್ತಿ ಅಲ್ಲ. 2021 ಜುಲೈನಲ್ಲಿ ಸರ್ಕಾರ ಹೋಮ್‌ವರ್ಕ್, ಟ್ಯೂಷನ್ ಎರಡಕ್ಕೂ ಕಡಿವಾಣ ಹಾಕ್ತು, 2022 ಜನವರಿ 1ರಿಂದ ಮನೇಲಿ ಮಕ್ಕಳನ್ನ ಬೆಳೆಸೋದ್ರ ಬಗ್ಗೇನೇ ಕಾನೂನು ಬಂತು, ಹೊಡೀಬಾರ್ದು ಬಡೀಬಾರ್ದು ಅಂತ. ಆದ್ರೆ ಗಾವ್‌ಕಾವ್, ಅಂದ್ರೆ ಕಾಲೇಜು ಸೇರೋಕೆ ಬರೆಯೋ ಪರೀಕ್ಷೆ, ಹಾಗೇ ಇದೆ, 2024ರಲ್ಲಿ 1.34 ಕೋಟಿ ಜನ ಹೆಸರು ಕೊಟ್ಟಿದ್ರು. ಅದಿರೋವರೆಗೂ ಟ್ಯೂಷನ್ ಮನೆಯೊಳಗೆ ಕದ್ದುಮುಚ್ಚಿ ನಡೆಯುತ್ತೆ. ಮಗೂನ ವಿಪರೀತ ಓಡ್ಸೋದಕ್ಕೆ ಅಲ್ಲಿ "ಜಿ ವಾ" ಅಂತಾರೆ, ಕೋಳಿ ರಕ್ತ ಚುಚ್ಚಿ ಹುರುಪೇರಿಸಿದ ಹಾಗೆ ಅಂತ. ತೊಂಬತ್ತರ ದಶಕದಲ್ಲಿ ಹುಟ್ಟಿದೋರು ಈಗ ತಾವೇ ಅಪ್ಪ ಅಮ್ಮ, ನಮ್ಮನ್ನ ಬೆಳೆಸಿದ ಥರ ಬೆಳೆಸಲ್ಲ ಅಂತ ಶಪಥ ಮಾಡಿರೋರೂ ಮಗು ಮೂರನೇ ಕ್ಲಾಸಿಗೆ ಬರೋಷ್ಟ್ರಲ್ಲಿ ಹೆದರ್ಕೊಳ್ತಾರೆ. ಮಗೂನೇ ಬೇಡ ಅನ್ನೋರೂ ಜಾಸ್ತಿ, 2023ರಲ್ಲಿ ಇಡೀ ದೇಶದಲ್ಲಿ ಹುಟ್ಟಿದ್ದು 90 ಲಕ್ಷ ಚಿಲ್ಲರೆ ಅಷ್ಟೇ. ದುಡ್ಡಿನ ಕಾರಣ ಇದ್ದೇ ಇದೆ, ಆದ್ರೆ ತಮ್ಮ ಬಾಲ್ಯಾನ ಇನ್ನೊಬ್ಬರಿಗೆ ಕೊಡೋಕೆ ಮನಸ್ಸಿಲ್ಲ ಅಂತ ನನ್ ಹತ್ರ ನೇರವಾಗಿ ಹೇಳಿದೋರೂ ಇದಾರೆ.

ಹೊಂಗೆನೆರಳು: ಥ್ಯಾಂಕ್ಸ್ ಎಲ್ಲರಿಗೂ. @ಸಂಜೆಮಲ್ಲಿಗೆ ಹಣ್ಣಿನ ವಿಷ್ಯ ಇವತ್ತು ಅವಳ ಹತ್ರ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ಲು, ಆಮೇಲೆ "ನಮ್ಮನೇಲಿ ಪೇರ್ ಹಣ್ಣು, ಸಿಪ್ಪೆ ತೆಗ್ದು ಕೊಡ್ತಿದ್ರು" ಅಂದ್ಲು.